ಸರಿಯಿದೆಯೆಂದು ನಾನು ಮೂರು ಸಲ ಬರೆದ ಲ್ಯಾಪ್‌ಟಾಪು

ನಾನು ಈ ಕಸುಬಿಗೆ ಬಂದದ್ದು ಟಿವಿ ರಿಪೇರಿಯಿಂದ. ದಾಂಡೇಲಿಯಲ್ಲಿ ನಮ್ಮ ಮಾಮುವಿನದೊಂದು ಸಣ್ಣ ಅಂಗಡಿಯಿತ್ತು. ಪೇಪರ್ ಮಿಲ್ಲಿನ ಕಾರ್ಮಿಕರು ಪಾಳಿ ಮುಗಿಸಿ, ಸೈಕಲ್ಲಿನ ಕ್ಯಾರಿಯರಿಗೆ ಟಿವಿ ಕಟ್ಟಿಕೊಂಡು ಬರುತ್ತಿದ್ದರು. ಐ.ಟಿ.ಐ. ಮುಗಿಸಿದ ಮೇಲೆ ನಾನೂ ಅಲ್ಲೇ ಕೂತೆ. ಮಾಮು ಶಾಲೆ ಕಂಡವರಲ್ಲ. ಟಿವಿ ಬಂದರೆ ಮೊದಲು ಅದನ್ನು ಹಚ್ಚಿಟ್ಟು ಹಿಂಬದಿಗೆ ಅಂಗೈ ಇಡುವರು. ಎಷ್ಟು ಹೊತ್ತಿಗೆ ಕೆಡುತ್ತದೆ, ಮನೆಯಲ್ಲಿ ಎಲ್ಲಿಟ್ಟಿದ್ದೀರಿ ಎಂದು ಕೇಳುವರು. ಸ್ಕ್ರೂ ಬಿಚ್ಚುವುದು ಆಮೇಲೆ. ಆ ಪ್ರಶ್ನೆಗಳು ಗಿರಾಕಿಯನ್ನು ಮಾತಾಡಿಸುವ ಸೌಜನ್ಯಕ್ಕೆ ಎಂದು ನಾನು ಬಹಳ ವರ್ಷ ತಿಳಿದಿದ್ದೆ.

ಡಬ್ಬಿ ಟಿವಿಗಳ ಕಾಲ ಮುಗಿದು ಅಂಗಡಿ ಮುಚ್ಚಿತು. ನಾನು ಕಂಪ್ಯೂಟರ್ ಕಲಿತು ಹುಬ್ಬಳ್ಳಿಯ ಒಂದು ಸರ್ವಿಸ್ ಏಜೆನ್ಸಿ ಸೇರಿದೆ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ, ಈ ನಾಲ್ಕೂ ಕಡೆಯ ಕಚೇರಿ, ಶಾಲೆ, ಸಂಘಗಳ ಯಂತ್ರಗಳು ನನ್ನ ಪಾಲಿಗೆ ಬಂದವು. ಕಾರ್ಡಿನ ಮೇಲೆ ಫೀಲ್ಡ್ ಎಂಜಿನಿಯರ್ ಎಂದು ಅಚ್ಚಾಗಿತ್ತು. ಜನ ಖಾಜಾಸಾಬ್ರು ಅನ್ನುತ್ತಿದ್ದರು. ನಿಜವಾಗಿ ನನ್ನದು ಬಸ್ಸಿಗೆ ಕಾಯುವ ಕೆಲಸ. ಜೋಯಿಡಾದಲ್ಲಿ ಒಂದು ಕೀಬೋರ್ಡು ಬದಲಿಸುವುದು ಅರ್ಧ ತಾಸಿನ ಕೆಲಸ, ಹೋಗಿ ಬರುವುದಕ್ಕೆ ಇಡೀ ದಿನ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಇದನ್ನು ಯಾರೂ ಹೇಳುವುದಿಲ್ಲ. ನನ್ನ ಕಣ್ಣಿಗಿಂತ ಮೊದಲು ಮೊಣಕಾಲು ಹೋದವು.

ಹತ್ತು ದೂರು ಬಂದರೆ ಅದರಲ್ಲಿ ನಾಲ್ಕು ಒಂದೇ ಥರದವು. ಲ್ಯಾಪ್‌ಟಾಪು ಬಿಸಿಯಾಗುತ್ತದೆ, ನಿಧಾನವಾಗುತ್ತದೆ. ಜನ ಇವನ್ನು ಎರಡು ರೋಗ ಅಂದುಕೊಳ್ಳುತ್ತಾರೆ. ಇದು ಒಂದೇ. ಒಳಗಿರುವ ಪ್ರೊಸೆಸರು ಒಂದು ಮಿತಿ ಮೀರಿ ಕಾದರೆ ಸುಟ್ಟುಹೋಗುವ ಬದಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಬಿಸಿಲಿನಲ್ಲಿ ಚೀಲ ಹೊತ್ತ ಹಮಾಲ ಏರು ಬಂದಾಗ ಹೆಜ್ಜೆ ಸಣ್ಣದು ಮಾಡುತ್ತಾನಲ್ಲ, ಹಾಗೆ. ಅವನು ಸೋಮಾರಿಯಲ್ಲ. ಆದರೆ ದೂರದಲ್ಲಿ ನಿಂತು ನೋಡುವವರಿಗೆ ಸೋಮಾರಿಯಂತೆ ಕಾಣುತ್ತಾನೆ.

ಕಾರಣಗಳೇನೋ ಮನೆಗೊಂದು. ದಾಂಡೇಲಿಯ ಒಂದು ಕಾರ್ಮಿಕರ ಮನೆಯಲ್ಲಿ ತಾಯಿಯೊಬ್ಬಳು ಲ್ಯಾಪ್‌ಟಾಪನ್ನು ನಾಲ್ಕು ಮಡಿಕೆಯ ಕೌದಿಯ ಮೇಲೆ ಕೂಡಿಸಿದ್ದಳು. ಗಟ್ಟಿ ನೆಲದ ಮೇಲಿಟ್ಟರೆ ಅದಕ್ಕೆ ಪೆಟ್ಟಾಗುತ್ತದೆ ಎಂಬುದು ಅವಳ ಕಾಳಜಿ. ಕೌದಿ ತೆಗೆಸಿದೆ, ಅಷ್ಟೇ ರಿಪೇರಿ. ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನಲ್ಲಿ ಒಬ್ಬ ಲಾಮಾ ಹಳೆಯ ಗ್ರಂಥಗಳನ್ನು ಟೈಪು ಮಾಡುತ್ತಿದ್ದರು. ಅವರ ಯಂತ್ರ ಬಿಚ್ಚಿದರೆ ಒಳಗೆ ಧೂಳಲ್ಲ, ದೀಪದ ಮಸಿ. ಜಿಡ್ಡುಗಟ್ಟಿ ಬ್ರಷ್ಷಿಗೆ ಬರದ ಮಸಿ. ಅರಳೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಫ್ಯಾನಿನ ಒಂದೊಂದೇ ಎಸಳು ಒರೆಸಿದೆ. ಪ್ರಾರ್ಥನೆಯ ಕೋಣೆಯಿಂದ ಟೇಬಲ್ಲನ್ನು ಆಚೆಗೆ ಸರಿಸಿರಿ ಎಂದೆ. ಅವರು ನನಗಿಂತ ಶುದ್ಧ ಕನ್ನಡದಲ್ಲಿ, ನಾಳೆಯೇ ಸರಿಸುತ್ತೇನೆ ಎಂದರು. ಸರಿಸಿದರು ಕೂಡ.

ಇಂಥ ನಾಲ್ಕಾರು ಯಂತ್ರ ಬಿಚ್ಚಿ ಸರಿಮಾಡಿದ ಮೇಲೆ ನನಗೆ ಸ್ವಲ್ಪ ಸೊಕ್ಕು ಬಂತು. ಸ್ಕ್ರೂಡ್ರೈವರಿಗೆ ಬಗ್ಗದ ಬಿಸಿಯೇ ಇಲ್ಲ ಅನ್ನುತ್ತಿದ್ದೆ. ಆ ಸೊಕ್ಕನ್ನು ಇಳಿಸಿದ್ದು ಮಳಗಿಯ ಕಡೆಯ ಒಂದು ಶಾಲೆಯ ಮುಖ್ಯೋಪಾಧ್ಯಾಯಿನಿ. ಅವರ ಲ್ಯಾಪ್‌ಟಾಪಿನ ಫ್ಯಾನು ಹಚ್ಚಿದ ಕ್ಷಣದಿಂದ ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತಿತ್ತು, ಯಂತ್ರ ತೆವಳುತ್ತಿತ್ತು. ಪರದೆಯ ಮೂಲೆಯಲ್ಲಿ ಅಪ್‌ಡೇಟ್ ಮಾಡಿ ಎಂದು ದಿನಾ ಬರುತ್ತಿದೆ, ಒಮ್ಮೆ ಮಾಡಿ ನೋಡಬಹುದಲ್ಲ ಎಂದು ಅವರು ಮೆತ್ತಗೆ ಕೇಳಿದರು. ಅದೆಲ್ಲ ಕಂಪನಿಯವರ ಆಟ, ಬಿಸಿಗೂ ಅದಕ್ಕೂ ಸಂಬಂಧವಿಲ್ಲ ಎಂದು ನಾನು ಯಂತ್ರ ಬಿಚ್ಚಿದೆ. ಒಳಗೆ ಧೂಳೇ ಇರಲಿಲ್ಲ. ಇಲ್ಲದ ಧೂಳು ಹುಡುಕುತ್ತ, ಕೀಬೋರ್ಡಿನ ಪಟ್ಟಿಯನ್ನು ಹಿಡಿದಿರುವ ಉಗುರಿನಷ್ಟು ಚಿಕ್ಕ ಕೊಂಡಿಯನ್ನು ಮುರಿದೆ. ಬದಲಿ ಭಾಗ ಬರಲು ಮೂರು ವಾರ ಹಿಡಿಯಿತು. ಶಾಲೆಯ ವರ್ಷಾಂತ್ಯದ ವರದಿಗಳನ್ನೆಲ್ಲ ಆಕೆ ಆ ಮೂರು ವಾರ ಕೈಯಲ್ಲೇ ಬರೆದರು. ಭಾಗ ಬಂದು ಜೋಡಿಸಿದ ದಿನ, ನಾನು ಚಾ ಕುಡಿಯುವಷ್ಟರಲ್ಲಿ ಆಕೆಯೇ ಅಪ್‌ಡೇಟಿನ ಗುಂಡಿ ಒತ್ತಿದ್ದರು. ಯಂತ್ರ ಒಮ್ಮೆ ಆರಿ ಹೊತ್ತಿಕೊಂಡಿತು. ಫ್ಯಾನಿನ ಸದ್ದು ಅಡಗಿತು. ಬಿಸಿ ಎಷ್ಟಿದೆಯೆಂದು ಫ್ಯಾನಿಗೂ ಪ್ರೊಸೆಸರಿಗೂ ಹೇಳುವ ಪ್ರೋಗ್ರಾಮಿನಲ್ಲೇ ದೋಷವಿತ್ತಂತೆ, ತಯಾರಕರು ಅದನ್ನು ತಿದ್ದಿ ತಿಂಗಳುಗಟ್ಟಲೆ ಆಗಿತ್ತು. ಆಕೆ ಚಾದ ಜೊತೆ ಚಕ್ಕುಲಿ ತರಿಸಿದರು. ಅದನ್ನು ತಿನ್ನುವುದು ಕಷ್ಟವಾಯಿತು.

ಅಲ್ಲಿಂದ ನಾನು ಪೂರ್ತಿ ಮಗ್ಗುಲು ಬದಲಿಸಿದೆ. ಯಾವ ಯಂತ್ರ ಬಂದರೂ ಮೊದಲು ಅಪ್‌ಡೇಟ್. ಅದೇ ವೇಳೆಗೆ ಹುಬ್ಬಳ್ಳಿಯಿಂದಲೂ ಅದೇ ನಿಯಮ ಬಂತು. ನಮ್ಮ ಮೇಲಿನವರು ಜೋಶಿ ಸಾಹೇಬರು. ಕೆಟ್ಟವರಲ್ಲ, ಲೆಕ್ಕ ಕೇಳುವ ಕುರ್ಚಿಯಲ್ಲಿ ಕೂತವರು. ಗಿರಾಕಿಯ ಯಂತ್ರಕ್ಕೆ ಎಲ್ಲ ಅಪ್‌ಡೇಟ್ ಹಾಕಿ, ಮುಗಿಯಿತು ಎಂದು ಬರುವ ಪರದೆಯ ಫೋಟೋ ತೆಗೆದು, ವರದಿಗೆ ಗಿರಾಕಿಯ ಸಹಿ ಪಡೆದು, ದೂರು ಮುಚ್ಚಬೇಕು. ಬಿಚ್ಚಲೇಬೇಕಾದರೆ ಹುಬ್ಬಳ್ಳಿಯ ಒಪ್ಪಿಗೆ ಬೇಕು. ಒಪ್ಪಿಗೆ ಬರಲು ನಾಲ್ಕು ದಿನ, ಮತ್ತೊಮ್ಮೆ ಬಸ್ಸು. ನನಗೆ ನಿವೃತ್ತಿ ಹತ್ತಿರ ಬಂದಿತ್ತು. ನಿಜ ಹೇಳುತ್ತೇನೆ, ಆ ನಿಯಮ ನನಗೆ ಹಿತವಾಗಿತ್ತು. ಕುರ್ಚಿಯ ಮೇಲೆ ಕೂತು ಪರದೆಯಲ್ಲಿ ಗೆರೆ ತುಂಬುವುದನ್ನು ನೋಡಿದರೆ ಸಾಕು, ನೆಲದ ಮೇಲೆ ಕೂತು ಸ್ಕ್ರೂ ಎಣಿಸಬೇಕಿಲ್ಲ.

ಇಷ್ಟು ಹೇಳಿದ್ದು ಹಳಿಯಾಳದ ಸಂಗತಿ ಅರ್ಥವಾಗಲಿ ಎಂದು.

ಹಳಿಯಾಳದ ಒಂದು ಕಚೇರಿ, ಯಾವುದೆಂಬುದು ಬೇಡ. ಅಲ್ಲಿ ಮಹಾಂತೇಶ ಎಂಬ ಗುಮಾಸ್ತ ಹೊಸದಾಗಿ ಸೇರಿದ್ದ. ಇಪ್ಪತ್ತೇಳೋ ಇಪ್ಪತ್ತೆಂಟೋ ವಯಸ್ಸು. ತೇರಗಾಂವದವನು, ದಿನಾ ಮುಂಜಾನೆ ಬಸ್ಸಿಗೆ ಬರುತ್ತಿದ್ದ. ಹುಟ್ಟಿದಾಗಿನಿಂದ ಕಣ್ಣಿಲ್ಲ. ಅಂಧರ ಶಾಲೆಯಲ್ಲಿ ಓದಿ, ಪರೀಕ್ಷೆ ಬರೆದು, ತನ್ನ ಸಾಮರ್ಥ್ಯದ ಮೇಲೆ ಬಂದ ಹುಡುಗ. ಸಿಪಾಯಿ ಪರಶುರಾಮ ಕಾಗದಗಳನ್ನು ಸ್ಕ್ಯಾನ್ ಮಾಡಿ ಕೊಡುತ್ತಿದ್ದ. ಲ್ಯಾಪ್‌ಟಾಪಿನೊಳಗಿನ ಒಂದು ತಂತ್ರಾಂಶ ಆ ಚಿತ್ರದೊಳಗಿನ ಅಕ್ಷರ ಗುರುತಿಸಿ ಗಟ್ಟಿಯಾಗಿ ಓದುತ್ತಿತ್ತು. ಮಹಾಂತೇಶ ಕಿವಿಗೆ ಇಯರ್‌ಫೋನ್ ಹಾಕಿ ಕೇಳುತ್ತ ಟಿಪ್ಪಣಿ ಟೈಪು ಮಾಡುತ್ತಿದ್ದ. ಇಡೀ ಕಚೇರಿಯಲ್ಲಿ ಅವನಷ್ಟು ವೇಗವಾಗಿ ಕನ್ನಡ ಟೈಪು ಮಾಡುವವರು ಇರಲಿಲ್ಲ.

ಮೊದಲ ದೂರಿಗೆ ಹೋದಾಗ, ಏನು ತ್ರಾಸು ಎಂದು ಕೇಳಿದೆ.

“ಧ್ವನಿ ತೊದಲತೈತ್ರಿ,” ಅಂದ.

ನನಗೆ ತಿಳಿಯಲಿಲ್ಲ. ಅವನು ಒಂದು ಇಯರ್‌ಫೋನ್ ತೆಗೆದು ನನ್ನ ಕೈಗೆ ಕೊಟ್ಟ. ಒಳಗೆ ಕಾಳು ಸುರಿದಂತೆ ಸದ್ದು, ಒಂದಕ್ಷರ ಹಿಡಿಯಲಿಲ್ಲ. ಇದು ತಾನು ದಿನಾ ಕೇಳುವ ವೇಗ ಎಂದು ಅವನು ನಕ್ಕು ವೇಗ ಇಳಿಸಿದ. ಆಗ ಕನ್ನಡ ಕೇಳಿಸಿತು, ಸ್ಪಷ್ಟವಾಗಿಯೇ ಇತ್ತು. ನಾನು ಮುಂಜಾನೆ ಹತ್ತೂವರೆಗೆ ಹೋಗಿದ್ದೆ. ಬಾಕಿಯಿದ್ದ ಅಪ್‌ಡೇಟುಗಳನ್ನೆಲ್ಲ ಹಾಕಿದೆ. ಕಾಲು ತಾಸು ನಡೆಸಿ ನೋಡಿದೆ. ಈಗ ಹೇಗಿದೆ ಎಂದೆ.

“ಈಗ ಚಲೋ ಐತ್ರಿ. ಮುಂಜಾನೆ ಯಾವಾಗ್ಲೂ ಚಲೋನ ಇರತೈತಿ.”

ನಾನು ಮೊದಲಿನ ಮಾತು ಮಾತ್ರ ಕೇಳಿಸಿಕೊಂಡೆ. ವರದಿ ಬರೆದು, ಅವನ ಬೆರಳಿಗೆ ಪೆನ್ನು ಕೊಟ್ಟು, ತುದಿಯನ್ನು ಸಹಿ ಮಾಡುವ ಜಾಗಕ್ಕೆ ತಂದು ನಿಲ್ಲಿಸಿದೆ. ಏನು ಬರೆದಿದ್ದೀರಿ ಎಂದು ಕೇಳಿದ. ಸಮಸ್ಯೆ ಪರಿಹಾರವಾಗಿದೆ ಎಂದು ಬರೆದಿದ್ದೇನೆ ಅಂದೆ. ಪೆನ್ನು ಸ್ವಲ್ಪ ಹೊತ್ತು ಅಲ್ಲೇ ನಿಂತಿತು. ಆಮೇಲೆ ಸಹಿ ಮಾಡಿದ.

ಮೂರು ವಾರಕ್ಕೆ ಅದೇ ದೂರು ಮತ್ತೆ ಬಂತು. ಮತ್ತೆ ಮುಂಜಾನೆ ಹೋದೆ, ಅಪ್‌ಡೇಟ್ ಹಾಕಿದೆ, ಸಹಿ ತಂದೆ. ಮೂರನೇ ಸಲ ಫೋನಿನಲ್ಲಿ ಅವನೇ ಮಾತಾಡಿದ. “ಸಾಬ್ರ, ಮುಂಜಾನೆ ಬರಬ್ಯಾಡ್ರಿ. ಮಧ್ಯಾಹ್ನ ಮೂರರ ಸುಮಾರು ಬಂದು ಒಂದ ತಾಸು ನನ್ನ ಬಾಜೂಕ ಕೂಡ್ರಿ. ನಿಮಗ ಗೊತ್ತಾಗತೈತಿ.” ಮಧ್ಯಾಹ್ನ ನನಗೆ ಜೋಯಿಡಾಕ್ಕೆ ಹೋಗುವುದಿತ್ತು. ನೋಡೋಣ ಎಂದೆ, ಮುಂಜಾನೆಯೇ ಹೋದೆ.

ಆ ದಿನ ತಯಾರಕರಿಂದ ಒಂದು ದೊಡ್ಡ ಅಪ್‌ಡೇಟ್ ಬಂದಿತ್ತು. ಬಿಸಿ ಕಡಿಮೆಯಾಗುತ್ತದೆ ಎಂದು ಅದರ ವಿವರದಲ್ಲೇ ಇತ್ತು. ಮಳಗಿಯ ಫ್ಯಾನು ನೆನಪಾಗಿ, ಇದೇ ಮದ್ದು ಎಂದು ಖುಷಿಯಿಂದ ಹಾಕಿದೆ. ಬಿಸಿ ನಿಜವಾಗಿಯೂ ಕಡಿಮೆಯಾಯಿತು. ಅದು ಹೇಗೆ ಕಡಿಮೆಯಾಯಿತು ಎಂದು ನನಗೆ ತಿಳಿದದ್ದು ತಡವಾಗಿ. ಆ ಅಪ್‌ಡೇಟು ಪ್ರೊಸೆಸರಿಗೆ, ಮೊದಲಿಗಿಂತ ಬೇಗನೆ ನಿಧಾನವಾಗು ಎಂದು ಹೇಳಿಕೊಟ್ಟಿತ್ತು. ಏರು ಬರುವ ಮೊದಲೇ ಹಮಾಲ ಕೂತುಬಿಡುವಂತೆ. ನಾನು ಸಮಸ್ಯೆ ಪೂರ್ಣ ಪರಿಹಾರವಾಗಿದೆ ಎಂದು ‘ಪೂರ್ಣ’ ಎಂಬ ಶಬ್ದ ಸೇರಿಸಿ ಬರೆದೆ. ಮಹಾಂತೇಶ ಈ ಸಲ ಏನು ಬರೆದಿದ್ದೀರಿ ಎಂದು ಕೇಳದೆಯೇ ಸಹಿ ಮಾಡಿದ.

ಒಂದು ತಿಂಗಳ ಮೇಲೆ ನಾನು ಜೋಯಿಡಾದಲ್ಲಿದ್ದಾಗ ಆ ಕಚೇರಿಯಿಂದ ಫೋನು ಬಂತು. ಮಾತಾಡಿದವರು ಅಲ್ಲಿನ ಮೇಲಧಿಕಾರಿ ಪಾಟೀಲ ಮೇಡಮ್, ಬೆಳಗಾವಿ ಕಡೆಯವರು. ಮಹಾಂತೇಶನ ಲ್ಯಾಪ್‌ಟಾಪಿನ ಮೂರೂ ವರದಿಗಳ ಫೋಟೋ ಕಳಿಸಲು ಕೇಳಿದರು. ನನ್ನ ಫೋನಿನಲ್ಲೇ ಇದ್ದವು, ಕಳಿಸಿದೆ. ಕಳಿಸಿದ ಮೇಲೆ, ಯಾಕೆ ಬೇಕಾಗಿತ್ತು ಎಂದು ಕೇಳಿದೆ. ಮೊದಲು ಕೇಳಬೇಕಾಗಿತ್ತು.

ಅವನ ಪ್ರೊಬೇಷನ್ ಮುಗಿಯುವುದಿದೆ, ಕಡತಗಳು ಬಾಕಿ ಬೀಳುತ್ತಿವೆ, ಕೇಳಿದರೆ ಯಂತ್ರದ ಮೇಲೆ ಹಾಕುತ್ತಾನೆ ಎಂದರು. “ನಿಮ್ಮ ವರದಿ ಮೂರೂ ಸರಿ ಐತಿ ಅಂತಾವು. ಅವನ ಸಹೀನೂ ಐತಿ. ಮಷೀನ್ ಸರಿ ಇದ್ದ ಮ್ಯಾಲೆ ಸರಿ ಇಲ್ಲದ್ದು ಯಾವುದು, ಹೇಳ್ರಿ. ನನಗೂ ಮ್ಯಾಲಿನವರು ಕೇಳ್ತಾರ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನನ್ನಂತೆಯೇ ದಣಿದ ದನಿ.

ವಾಪಸು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತೆ. ಗಣೇಶಗುಡಿ ದಾಟುವವರೆಗೆ ನನ್ನ ತಪ್ಪಿಲ್ಲ ಎಂಬುದಕ್ಕೆ ಕಾರಣ ಜೋಡಿಸುತ್ತಿದ್ದೆ. ನಿಯಮದಂತೆ ಮಾಡಿದ್ದೇನೆ, ಪರೀಕ್ಷಿಸಿದಾಗ ಸರಿಯಿತ್ತು, ಸಹಿ ಅವನೇ ಮಾಡಿದ್ದಾನೆ. ಆಮೇಲೆ ಕಾರಣಗಳು ಮುಗಿದವು, ಆ ಹುಡುಗ ಫೋನಿನಲ್ಲಿ ಹೇಳಿದ ಮಾತು ಉಳಿಯಿತು. ಮೂರು ಗಂಟೆಗೆ ಬಂದು ಒಂದು ತಾಸು ಕೂಡ್ರಿ. ಅವನು ಕೇಳಿದ್ದು ಅಷ್ಟೇ. ರಿಪೇರಿ ಮಾಡಿ ಎಂದು ಕೂಡ ಅಲ್ಲ.

ಮರುದಿನ ಯಾವ ದೂರೂ ದಾಖಲಾಗದೆ, ಹುಬ್ಬಳ್ಳಿಗೆ ಹೇಳದೆ, ಮಧ್ಯಾಹ್ನ ಎರಡಕ್ಕೆ ಹಳಿಯಾಳಕ್ಕೆ ಹೋದೆ. ಮಹಾಂತೇಶ ಹೆಜ್ಜೆ ಸದ್ದಿಗೇ ಗುರುತು ಹಿಡಿದು, ಬರ್ರಿ ಸಾಬ್ರ ಎಂದ. ಪರಶುರಾಮ ಒಂದು ಕುರ್ಚಿ ತಂದಿಟ್ಟ. ನಾನು ಬಾಜೂಕ ಕೂತೆ, ಒಂದು ಇಯರ್‌ಫೋನ್ ನನ್ನ ಕಿವಿಯಲ್ಲಿ. ತಗಡಿನ ಮಾಡಿನ ಕೋಣೆ, ಪಡುವಣ ಕಿಟಕಿಯಿಂದ ಬಿಸಿಲು ಮೆಲ್ಲಗೆ ಟೇಬಲ್ಲಿನ ಕಡೆ ಸರಿಯುತ್ತಿತ್ತು.

ಮೊದಲ ಅರ್ಧ ತಾಸು ಏನೂ ಆಗಲಿಲ್ಲ. ಪರಶುರಾಮ ಹನ್ನೊಂದು ಗಂಟೆಯಿಂದ ಸ್ಕ್ಯಾನ್ ಆದ ಕಡತಗಳನ್ನು ಒಂದೊಂದಾಗಿ ತಂದು ಟೇಬಲ್ಲಿನ ಎಡಗಡೆ ಪೇರಿಸುತ್ತಿದ್ದನಂತೆ. ನಾನು ಕೂತಿದ್ದಾಗಲೂ ಎರಡು ತಂದಿಟ್ಟ. ಮಹಾಂತೇಶ ಒಂದು ಅರ್ಜಿ ಕೇಳುತ್ತಿದ್ದ. ‘ಅರ್ಜಿದಾರರ’ ಎಂಬ ಶಬ್ದ ‘ಅರ್’ ಎಂದು ನಿಂತಿತು. ಒಂದು ಉಸಿರು ಬಿಟ್ಟು ‘ಜಿ’. ಮತ್ತೊಂದು ಉಸಿರಿಗೆ ‘ದಾರರ’. ಅವನ ಬೆರಳು ಕೀಲಿಯ ಮೇಲೆ ಹಾಗೇ ಕಾದವು. ವಾಕ್ಯ ಮುಗಿಯುವಷ್ಟರಲ್ಲಿ ಮೊದಲ ಶಬ್ದ ಏನೆಂಬುದು ನನಗೆ ಮರೆತಿತ್ತು. ಅವನು ಹಿಂದಕ್ಕೆ ಹೋಗಿ ಮತ್ತೆ ಕೇಳಿದ. ಮತ್ತೆ ಅದೇ ತೊದಲು. ಹೀಗೆ ಒಂದು ಪುಟಕ್ಕೆ ಇಪ್ಪತ್ತು ನಿಮಿಷ. ನೋಡುವವರಿಗೆ ಏನು ಕಾಣುತ್ತದೆ ಎಂದು ಆಗ ಹೊಳೆಯಿತು. ಪರದೆ ಹೊತ್ತಿಕೊಂಡಿದೆ, ಅಕ್ಷರಗಳು ಸರಿಯಾಗಿವೆ, ಮುಂದೆ ಒಬ್ಬ ಗುಮಾಸ್ತ ಕೈ ಆಡಿಸದೆ ಕೂತಿದ್ದಾನೆ.

“ಇಲ್ಲಿ ಕೈ ಇಡ್ರಿ,” ಎಂದು ಅವನು ನನ್ನ ಕೈ ಹಿಡಿದು ಯಂತ್ರದ ಎಡ ಅಂಚಿಗೆ ಒಯ್ದ. ಅಷ್ಟು ನಿಧಾನವಾಗಿದ್ದರೂ ಅಂಗೈ ಸುಟ್ಟಿತು. ಬಿಸಿ ಗಾಳಿ ಹೊರಬೀಳುವ ಸೀಳುಗಳು ಅಲ್ಲೇ ಇದ್ದವು, ಆ ಸೀಳುಗಳಿಗೆ ಒತ್ತಿಕೊಂಡು ಕಡತದ ರಾಶಿ. ಬಾಕಿ ಕಡತಗಳನ್ನು ಸಂಜೆ ಕಪಾಟಿಗೆ ಎತ್ತಿಡುತ್ತಿದ್ದರಿಂದ ನಾನು ಬರುತ್ತಿದ್ದ ಮುಂಜಾನೆಗಳಲ್ಲಿ ಆ ಜಾಗ ಖಾಲಿಯಿರುತ್ತಿತ್ತು. ಮಧ್ಯಾಹ್ನವಾದಂತೆ ರಾಶಿ ಬೆಳೆದು ಸೀಳು ಮುಚ್ಚುತ್ತಿತ್ತು, ಯಂತ್ರ ಕಾದು ನಿಧಾನವಾಗುತ್ತಿತ್ತು, ಅದು ನಿಧಾನವಾದಷ್ಟೂ ಕಡತ ಬಾಕಿ ಉಳಿದು ರಾಶಿ ಎತ್ತರವಾಗುತ್ತಿತ್ತು.

ಒಪ್ಪಿಗೆ ಗಿಪ್ಪಿಗೆ ಕೇಳಲಿಲ್ಲ. ಅಲ್ಲೇ ಪೇಪರು ಹಾಸಿ, ನೆಲದ ಮೇಲೆ ಕೂತು ಬಿಚ್ಚಿದೆ. ಫ್ಯಾನು ಮತ್ತು ತಾಮ್ರದ ಜಾಳಿಯ ನಡುವೆ ಹಳೆಯ ಕಡತಗಳ ಧೂಳು ಕಂಬಳಿ ತುಂಡಿನಂತೆ ಹೆಣೆದುಕೊಂಡಿತ್ತು. ಚಿಮಟದಿಂದ ಎಳೆದರೆ ಇಡಿಯಾಗಿ ಕಿತ್ತು ಬಂತು. ಪ್ರೊಸೆಸರಿನ ಬಿಸಿಯನ್ನು ತಾಮ್ರಕ್ಕೆ ದಾಟಿಸುವ ಪೇಸ್ಟು ಒಣಗಿ ಗೋಡೆಯ ಸುಣ್ಣದಂತೆ ಉದುರಿತು. ಕೆರೆದು, ಒರೆಸಿ, ಹೊಸ ಪೇಸ್ಟು ಹಚ್ಚಿದೆ. ಆ ಕಂಬಳಿ ತುಂಡನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡೆ. ಜಗತ್ತಿನ ಯಾವ ಅಪ್‌ಡೇಟೂ ಅದನ್ನು ಕಿತ್ತು ತೆಗೆಯುತ್ತಿರಲಿಲ್ಲ. ತಪ್ಪು ಪ್ರೋಗ್ರಾಮಿನಲ್ಲಿದ್ದರೆ ಅಪ್‌ಡೇಟು ತಿದ್ದುತ್ತದೆ. ಧೂಳಿನಲ್ಲಿದ್ದರೆ ಅದಕ್ಕೆ ಮಾಡಲು ಬರುವುದು ಒಂದೇ, ಯಂತ್ರವನ್ನು ಇನ್ನಷ್ಟು ನಿಧಾನ ಮಾಡುವುದು. ಯಾವುದರಲ್ಲಿದೆ ಎಂದು ಪರದೆ ನೋಡಿ ಹೇಳಲಾಗುವುದಿಲ್ಲ. ನಾನು ಮಳಗಿಯಲ್ಲಿ ಒಂದು ಥರ ಕುರುಡಾಗಿದ್ದೆ, ಹಳಿಯಾಳದಲ್ಲಿ ಇನ್ನೊಂದು ಥರ.

ಜೋಡಿಸಿ, ಮೂರನೇ ಅಪ್‌ಡೇಟು ಇಳಿಸಿದ್ದ ಮಿತಿಯನ್ನು ಮೊದಲಿನಂತೆ ಮಾಡಿ, ಕಡತಗಳನ್ನು ಬಲಗಡೆಗೆ ಸರಿಸಿ, ಯಂತ್ರ ಹಚ್ಚಿಕೊಟ್ಟೆ. ಬಿಸಿಲು ಆಗಲೇ ಟೇಬಲ್ಲಿನ ಮೇಲಿತ್ತು. ಧ್ವನಿ ತಡೆಯಿಲ್ಲದೆ ಹರಿಯಿತು. ಮಹಾಂತೇಶ ಸ್ವಲ್ಪ ಕೇಳಿ ವೇಗ ಏರಿಸಿದ, ಮತ್ತೂ ಏರಿಸಿದ, ನನ್ನ ಕಿವಿಗೆ ಮತ್ತೆ ಬರೀ ಕಾಳು ಸುರಿವ ಸದ್ದಾಯಿತು. ಅವನ ಬೆರಳು ಓಡತೊಡಗಿದವು. ನಾನು ಅರ್ಧ ತಾಸು ಅಲ್ಲೇ ಕೂತೆ. ರಿಪೇರಿಯಾದ ಯಂತ್ರವನ್ನು ಅಷ್ಟು ಹೊತ್ತು ಕೂತು ನೋಡಿದ್ದು ಮಾಮುವಿನ ಅಂಗಡಿ ಬಿಟ್ಟ ಮೇಲೆ ಅದೇ ಮೊದಲು.

ಮೇಲೇಳುವಾಗ ಅವನು, ಮೇಡಮ್ ತನಗೆ ಕೊಟ್ಟ ನೋಟಿಸಿನ ಸುದ್ದಿ ಹೇಳಿದ. ಕೆಲಸದಲ್ಲಿ ವಿಳಂಬ, ಯಂತ್ರ ಕೆಟ್ಟಿದೆ ಎಂದು ಸುಳ್ಳು ನೆಪ ಎಂದು ಬರೆದು, ಸಮಜಾಯಿಷಿ ಕೇಳಿದ್ದರು.

“ಆ ನೋಟಿಸನೂ ಇದ ಮಷೀನ್ ಓದಿ ಹೇಳಿತ್ರಿ,” ಎಂದ. “ಮಧ್ಯಾಹ್ನದಾಗ. ಒಂದೊಂದ ಶಬ್ದ ತಡದು ತಡದು.”

ನಾನು ಹೊರಗೆ ಬಂದು ಜೋಶಿ ಸಾಹೇಬರಿಗೆ ಫೋನು ಮಾಡಿದೆ. ನಡೆದದ್ದೆಲ್ಲ ಹೇಳಿ, ಹೊಸ ವರದಿ ಬರೆದುಕೊಡುತ್ತೇನೆ ಎಂದೆ. ಮೊದಲ ಮೂರು ಸಲ ಯಂತ್ರ ಬಿಚ್ಚದೆಯೇ ಸರಿಯಿದೆ ಎಂದು ಬರೆದದ್ದು ತಪ್ಪು, ಹೀಗೆಂದೇ ಬರೆಯುತ್ತೇನೆ ಎಂದೆ.

“ಖಾಜಾ, ಹಂಗ ಬರೀಬ್ಯಾಡ್ರಿ. ಸ್ವಚ್ಛ ಮಾಡೀವಿ ಅಂತ ಬರೀರಿ, ಸಾಕು. ತಪ್ಪು ಅಂತ ಒಂದ ಕಡೆ ಬರದ್ರ ಉಳಿದ ಕಚೇರಿಯವರೂ ಹಳೇ ವರದಿ ತಗದು ಕೂಡ್ತಾರ. ನಿಮಗ ಇನ್ನ ಎಷ್ಟ ದಿನ ಅದ? ಸುಮ್ಮ ಮುಗಿಸಿಕೊಂಡು ಹೋಗ್ರಿ.”

“ಸ್ವಚ್ಛ ಮಾಡೀವಿ ಅಂತ ಬರದ್ರ ಮೊದಲ ಸರಿ ಇತ್ತು ಅಂತನ ಅರ್ಥ ಆಗತೈತ್ರಿ, ಸಾಹೇಬ್ರ. ಆ ಹುಡುಗನ್ನ ಸುಳ್ಳ ಅಂದಂಗ ಉಳೀತೈತಿ.”

ನಿಮ್ಮ ಮರ್ಜಿ ಎಂದು ಫೋನಿಟ್ಟರು. ನಾನು ಧೈರ್ಯವಂತನೇನಲ್ಲ. ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಎರಡು ಹಾಳೆ ಬರೆದು ಹರಿದೆ. ಎರಡರಲ್ಲೂ ತಪ್ಪು ಎಂಬ ಶಬ್ದದ ಹತ್ತಿರ ಬಂದು ವಾಕ್ಯ ಬೇರೆ ಕಡೆ ತಿರುಗುತ್ತಿತ್ತು. ಮೂರನೆಯದರಲ್ಲಿ ನೇರ ಬರೆದೆ. ಕಚೇರಿ ಮುಚ್ಚುವ ಮುನ್ನ ಪಾಟೀಲ ಮೇಡಮ್ಮರ ಟೇಬಲ್ಲಿನ ಮೇಲೆ ಹಾಳೆಯಿಟ್ಟು, ಜೇಬಿನಲ್ಲಿದ್ದ ಧೂಳಿನ ತುಂಡನ್ನೂ ಬಿಚ್ಚಿಟ್ಟೆ.

ಅವರು ಎರಡು ಸಲ ಓದಿದರು. ಇದನ್ನು ಮೊದಲೇ ಯಾಕೆ ಬರೆಯಲಿಲ್ಲ ಎಂದು ಕೇಳಿದರು. ಬಿಚ್ಚಿ ನೋಡಲಿಲ್ಲ ಎಂದೆ. ಯಾಕೆ ನೋಡಲಿಲ್ಲ ಎಂದರು. ಅದಕ್ಕೆ ನಿಯಮ, ಒಪ್ಪಿಗೆ, ಬಸ್ಸು ಎಂದು ಹೇಳಬಹುದಿತ್ತು. ಅವನು ಹೇಳಿದ್ದನ್ನು ನಾನು ನಂಬಲಿಲ್ಲ ಎಂದೆ. ಅವರು ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟರು. “ನಾನೂ ನಂಬಲಿಲ್ಲ,” ಅಂದರು.

ಎಲ್ಲವೂ ಅಲ್ಲಿಗೆ ಸರಿಹೋಯಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಹಾಗಾಗಲಿಲ್ಲ. ಮೇಡಮ್ ಆ ನೋಟಿಸನ್ನು ಹಿಂದಕ್ಕೆ ಪಡೆದರು, ನನ್ನ ಹಾಳೆಯನ್ನು ಕಡತಕ್ಕೆ ಸೇರಿಸಿದರು. ಆದರೆ ಮೊದಲಿನ ಕಾಗದ ಆಗಲೇ ಮೇಲಿನ ಕಚೇರಿಗೆ ಹೋಗಿತ್ತು. ಕೆಳಗೆ ಹಿಂದಕ್ಕೆ ಪಡೆದದ್ದು ಮೇಲೆ ತಲುಪಿ, ಅಲ್ಲಿ ಯಾರಾದರೂ ಓದುವಷ್ಟರಲ್ಲಿ ಮಹಾಂತೇಶನ ಪ್ರೊಬೇಷನ್ ಒಂದು ವರ್ಷ ಮುಂದುವರಿದಿತ್ತು. ಅವನ ಜೊತೆ ಸೇರಿದವರೆಲ್ಲ ಕಾಯಂ ಆದರು, ಇವನು ಒಂದು ವರ್ಷ ಹಿಂದೆ ಬಿದ್ದ. ಆ ವರ್ಷ ಅವನ ಟೇಬಲ್ಲಿನ ಮೇಲೆ ಕಡತ ಉಳಿಯಲಿಲ್ಲ ಎಂದು ಪರಶುರಾಮ ಹೇಳುತ್ತಿದ್ದ. ಕೊನೆಗೆ ಕಾಯಂ ಆಯಿತು.

ಇತ್ತ ಜೋಶಿ ಸಾಹೇಬರು ನನ್ನ ಮೇಲೆ ಕೂಗಾಡಲಿಲ್ಲ. ಹಳಿಯಾಳವನ್ನು ಬೇರೆಯವರಿಗೆ ಕೊಟ್ಟು, ನನಗೆ ಜೋಯಿಡಾದ ಒಳಗಿನ ಊರುಗಳನ್ನು ಹಚ್ಚಿದರು. ಉಳಿದ ಒಂದೂವರೆ ವರ್ಷ ಘಟ್ಟದ ತಿರುವುಗಳಲ್ಲಿ ಕಳೆಯಿತು. ಅಲ್ಲಿ ಕೊಂಕಣಿ ಮಾತಾಡುವ ಮಂದಿ, ನನ್ನ ಕನ್ನಡ ಅವರಿಗೆ ಅರ್ಧ, ಅವರ ಕೊಂಕಣಿ ನನಗೆ ಅರ್ಧ. ಅದರಿಂದ ಒಂದು ಒಳ್ಳೆಯದಾಯಿತು. ಮಾತು ಅರ್ಧ ತಿಳಿಯುವಲ್ಲಿ ಸುಮ್ಮನೆ ಕೂತು ಯಂತ್ರ ಕೆಡುವವರೆಗೆ ಕಾಯಲೇಬೇಕು. ಕಾದೆ. ಬಸ್ಸು ತಪ್ಪಿದರೆ ತಪ್ಪಲಿ ಎಂದು ಕೂತೆ. ದೂರು ಮುಚ್ಚುವ ಲೆಕ್ಕದಲ್ಲಿ ನಾನು ಎಲ್ಲರಿಗಿಂತ ಕೆಳಗಿದ್ದೆ. ನಿವೃತ್ತಿಯ ದಿನ ಹುಬ್ಬಳ್ಳಿಯಲ್ಲಿ ಶಾಲು ಹೊದಿಸಿದರು. ನಿಯಮ ಅದೇ ಇತ್ತು, ಈಗಲೂ ಅದೇ ಇದೆ ಎಂದು ಕೇಳಿದ್ದೇನೆ.

ಮಹಾಂತೇಶನನ್ನು ಮತ್ತೆ ಕಂಡದ್ದು ಹೋದ ವರ್ಷ, ಮುಂಡಗೋಡದಲ್ಲಿ. ನನ್ನ ತಂಗಿಯ ಮನೆಗೆ ಹೋಗಿದ್ದೆ. ಅವನಿಗೆ ಅಲ್ಲಿಗೆ ವರ್ಗವಾಗಿತ್ತು. ಬಸ್‌ಸ್ಟ್ಯಾಂಡಿನಲ್ಲಿ ನಾನೇ ಹೋಗಿ ಮಾತಾಡಿಸಿದೆ. ದನಿ ಕೇಳಿದ್ದೇ ನನ್ನ ಹೆಸರು ಹೇಳಿದ. ಹೊಸ ಲ್ಯಾಪ್‌ಟಾಪು ಕೊಟ್ಟಿದ್ದಾರೆ, ತಣ್ಣಗಿದೆ ಎಂದ. ಮದುವೆಯ ಮಾತು ನಡೆದಿದೆ ಎಂದ. ಚಾ ಕುಡಿದೆವು. ಇಷ್ಟು ದಿನ ಹೇಳಬೇಕೆಂದಿದ್ದುದನ್ನು ಹೇಳಿದೆ. ನನ್ನಿಂದ ನಿನಗೆ ಒಂದು ವರ್ಷ ಹೋಯಿತು ಎಂದೆ.

ವರ್ಷದ್ದೇನೂ ಇಲ್ಲ ಬಿಡ್ರಿ ಎಂದ. ಗ್ಲಾಸು ಕೆಳಗಿಟ್ಟು ಹೇಳಿದ.

“ನೀವು ಮೂರನೇ ಸಲ ಬಂದು ಹ್ವಾದಿರಲ್ಲ, ಅದರ ಮ್ಯಾಲೆ ನನಗ ಬ್ಯಾರೆನ ಒಂದು ಹೆದರಿಕಿ ಹತ್ತಿತ್ತು, ಸಾಬ್ರ. ಮಷೀನ್ ಸರಿ ಐತಿ ಅಂತ ತಿಳದವರು ಮೂರು ಸಲ ಬರದ ಮ್ಯಾಲೆ, ಕೆಟ್ಟಿದ್ದು ನನ್ನ ಕಿವಿನ ಇರಬೇಕು ಅನಸ್ತು. ಯಾರಿಗೂ ಹೇಳಲಿಲ್ಲ. ರಜಾ ಹಾಕಿ, ಒಬ್ಬನ ಹುಬ್ಬಳ್ಳಿಗೆ ಹೋಗಿ, ಕಿವಿ ಡಾಕ್ಟರಿಗೆ ತೋರಿಸಿಕೊಂಡು ಬಂದೆ.”

ಡಾಕ್ಟರು ಏನಂದರು ಎಂದು ಕೇಳಿದೆ.

“ಕಿವಿ ಚಲೋ ಅದಾವ ಅಂದ್ರು. ಆದ್ರ ಆ ಕೋಣಿ ಹೊರಗ ಬೆಂಚಿನ ಮ್ಯಾಲೆ ಪಾಳಿ ಕಾಯಕೋತ ಎರಡು ತಾಸು ಕುಂತಿದ್ದೆ. ಇವೂ ಹ್ವಾದ್ರ ಮುಂದೇನು ಅಂತ.”

ಅಷ್ಟರಲ್ಲಿ ಅವನ ಬಸ್ಸು ಬಂತು. ಕೋಲು ಬಿಡಿಸಿಕೊಂಡು ಎದ್ದ. ನಾನು ಕೈ ಹಿಡಿಯಲು ಹೋದೆ. ಬೇಡ, ಬಾಗಿಲು ಎಲ್ಲಿದೆ ಎಂದು ಎಂಜಿನ್ನಿನ ಸದ್ದಿನಿಂದ ಗೊತ್ತಾಗುತ್ತದೆ ಎಂದು ಹೇಳಿ, ತಾನೇ ನಡೆದು ಹೋಗಿ ಹತ್ತಿದ.